ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡೋಕೆ ಹೊಸ ದಾರಿ: ‘ಒಪ್ಪಿಗೆ’ ಒತ್ತುವ ಮೊದಲು ಅಂಗಡಿಯವರು, ಗ್ರಾಹಕರು ತಿಳಿದಿರಬೇಕಾದ್ದೇನು?

ಅಂಗಡಿ ಮೇಲೆ ಸಾಲ ಬೇಕು ಅಂತ ಬ್ಯಾಂಕಿಗೆ ಹೋದರೆ ಮೊದಲು ಕೇಳೋದೇ ಆರು ತಿಂಗಳ ಸ್ಟೇಟ್‌ಮೆಂಟ್. ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಆ ಶಾಖೆಗೆ ಹೋಗಬೇಕು, ಕ್ಯೂ ನಿಲ್ಲಬೇಕು, ಪ್ರಿಂಟ್ ತೆಗೆಸಬೇಕು, ಸೀಲು ಹಾಕಿಸಬೇಕು. ಅಷ್ಟರಲ್ಲಿ ಅರ್ಧ ದಿನದ ವ್ಯಾಪಾರ ಹೋಯ್ತು. ಈ ಓಡಾಟವೇ ಬೇಡ ಅಂತ ಕೆಲವರು ಸ್ಟೇಟ್‌ಮೆಂಟಿನ ಪಿಡಿಎಫ್ ಅನ್ನು ಪಾಸ್‌ವರ್ಡ್ ಸಮೇತ ಸಾಲದ ಏಜೆಂಟರ ವಾಟ್ಸ್‌ಆ್ಯಪ್‌ಗೆ ಕಳಿಸಿಬಿಡ್ತಾರೆ. ಆಮೇಲೆ ಅದು ಯಾರ ಯಾರ ಮೊಬೈಲಿಗೆ ಹೋಗುತ್ತೋ ಕಳಿಸಿದವರಿಗೆ ಗೊತ್ತಾಗಲ್ಲ.

ಇದಕ್ಕೆ ಬದಲಾಗಿ ಇನ್ನೊಂದು ದಾರಿ ಈಗ ಬಂದಿದೆ. ಸಾಲಕ್ಕೆ ಮೊಬೈಲ್‌ನಲ್ಲಿ ಅರ್ಜಿ ತುಂಬುವಾಗ ‘ಅಕೌಂಟ್ ಅಗ್ರಿಗೇಟರ್ ಮೂಲಕ ನಿಮ್ಮ ಖಾತೆ ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆ ಇದೆಯೇ?’ ಎಂಬರ್ಥದ ಒಂದು ಪುಟ ತೆರೆದುಕೊಳ್ಳುತ್ತೆ. ಬಹಳ ಜನ ಓದದೇ ಒಪ್ಪಿಗೆ ಒತ್ತುತ್ತಾರೆ. ಇನ್ನು ಕೆಲವರು ‘ಖಾತೆಯಲ್ಲಿರೋ ದುಡ್ಡೇ ಹೋಗಿಬಿಟ್ಟರೆ?’ ಅಂತ ಹೆದರಿ ಅರ್ಜಿಯನ್ನೇ ಬಿಡ್ತಾರೆ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ, ಲಾಭ ಎಲ್ಲಿ, ಅಪಾಯ ಎಲ್ಲಿ ಅನ್ನೋದು ಇಲ್ಲಿದೆ.

ಓಪನ್ ಬ್ಯಾಂಕಿಂಗ್ ಅಂದ್ರೆ ಏನು?

ನಿಮ್ಮ ಖಾತೆಯ ಲೆಕ್ಕ ಬ್ಯಾಂಕಿನ ಕಂಪ್ಯೂಟರಿನಲ್ಲಿದ್ದರೂ ಆ ಮಾಹಿತಿ ನಿಮ್ಮದು. ನೀವು ಹೇಳಿದರೆ, ನೀವು ಹೇಳಿದವರಿಗೆ, ನೀವು ಹೇಳಿದಷ್ಟನ್ನು ಬ್ಯಾಂಕು ಸುರಕ್ಷಿತವಾಗಿ ಕಳಿಸಿಕೊಡಬೇಕು. ಓಪನ್ ಬ್ಯಾಂಕಿಂಗ್‌ನ ಸಾರ ಇಷ್ಟೇ. ‘ಓಪನ್’ ಅಂದ ಮಾತ್ರಕ್ಕೆ ಖಾತೆ ಎಲ್ಲರಿಗೂ ತೆರೆದಿರುತ್ತೆ ಅಂತಲ್ಲ. ಬಾಗಿಲಿನ ಬೀಗದ ಕೈ ನಿಮ್ಮ ಹತ್ತಿರವೇ ಇರುತ್ತೆ.

ಬ್ರಿಟನ್ನಿನಲ್ಲಿ 2018ರ ಜನವರಿಯಲ್ಲಿ ಒಂಬತ್ತು ದೊಡ್ಡ ಬ್ಯಾಂಕುಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು. ಅಲ್ಲಿ ಅನುಮತಿ ಪಡೆದ ಕಂಪನಿಗಳು ಗ್ರಾಹಕರ ಒಪ್ಪಿಗೆ ಮೇಲೆ ನೇರವಾಗಿ ಬ್ಯಾಂಕಿನಿಂದಲೇ ಮಾಹಿತಿ ಪಡೆಯುತ್ತವೆ. ನಮ್ಮ ದೇಶದ ಪದ್ಧತಿ ಸ್ವಲ್ಪ ಬೇರೆ. ಇಲ್ಲಿ ಕೊಡುವವರಿಗೂ ಪಡೆಯುವವರಿಗೂ ಮಧ್ಯೆ ಆರ್‌ಬಿಐ ಪರವಾನಗಿ ಪಡೆದ ಒಂದು ಕಂಪನಿ ಇರುತ್ತೆ. ಅದೇ ಅಕೌಂಟ್ ಅಗ್ರಿಗೇಟರ್. ಇದಕ್ಕೆ ಆರ್‌ಬಿಐ ನಿಯಮ ಮಾಡಿದ್ದು 2016ರ ಸೆಪ್ಟೆಂಬರ್ 2ರಂದು. ಬ್ಯಾಂಕುಗಳು ಜೋಡಣೆಯಾಗಿ ಸಾರ್ವಜನಿಕವಾಗಿ ಶುರುವಾಗಿದ್ದು 2021ರ ಸೆಪ್ಟೆಂಬರ್‌ನಲ್ಲಿ.

ಯುಪಿಐ ಗೊತ್ತಿರುವವರಿಗೆ ಹೀಗೆ ಹೇಳಬಹುದು: ಯುಪಿಐ ದುಡ್ಡು ಹೋಗುವ ದಾರಿ, ಅಕೌಂಟ್ ಅಗ್ರಿಗೇಟರ್ ಮಾಹಿತಿ ಹೋಗುವ ದಾರಿ. ಈ ದಾರಿಯಲ್ಲಿ ಒಂದು ರೂಪಾಯಿಯೂ ಸಾಗಲ್ಲ. ಹಣ ವರ್ಗಾವಣೆ ಮಾಡುವ ಅಧಿಕಾರವೇ ಈ ಕಂಪನಿಗಳಿಗೆ ಇಲ್ಲ.

ಮೂವರು ಯಾರು?

ಇಡೀ ವ್ಯವಹಾರದಲ್ಲಿ ನಿಮ್ಮನ್ನು ಬಿಟ್ಟು ಮೂವರು ಇರುತ್ತಾರೆ.

ಮೊದಲನೆಯವರು ಮಾಹಿತಿ ಕೊಡುವವರು. ನಿಮ್ಮ ಖಾತೆ ಇರುವ ಬ್ಯಾಂಕು, ಮ್ಯೂಚುವಲ್ ಫಂಡ್, ವಿಮಾ ಕಂಪನಿ, ಪಿಂಚಣಿ ನಿಧಿ ಇತ್ಯಾದಿ. 2022ರ ನವೆಂಬರ್‌ನಲ್ಲಿ ಆರ್‌ಬಿಐ ಜಿಎಸ್‌ಟಿ ಜಾಲವನ್ನೂ ಇದಕ್ಕೆ ಸೇರಿಸಿತು. ಹಾಗಾಗಿ ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ತಮ್ಮ ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ರಿಟರ್ನ್ ಮಾಹಿತಿಯನ್ನೂ ಈ ದಾರಿಯಲ್ಲಿ ಕೊಡಬಹುದು.

ಎರಡನೆಯವರು ಮಾಹಿತಿ ಪಡೆಯುವವರು. ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿ, ಹೂಡಿಕೆ ಸಲಹೆಗಾರರು ಇತ್ಯಾದಿ. ಇಲ್ಲೊಂದು ಮುಖ್ಯ ಷರತ್ತಿದೆ. ಆರ್‌ಬಿಐ, ಸೆಬಿ, ಐಆರ್‌ಡಿಎಐ, ಪಿಎಫ್‌ಆರ್‌ಡಿಎ ಎಂಬ ಹಣಕಾಸು ನಿಯಂತ್ರಣ ಸಂಸ್ಥೆಗಳಲ್ಲಿ ಒಂದರ ಅಡಿ ನೋಂದಣಿ ಆಗಿರುವವರು ಮಾತ್ರ ಮಾಹಿತಿ ಪಡೆಯಬಹುದು. ಊರಿನ ಬಡ್ಡಿ ವ್ಯವಹಾರದವರಿಗೆ, ಸೈಟು ಮಾರುವ ಬ್ರೋಕರಿಗೆ ಈ ದಾರಿಯಲ್ಲಿ ಪ್ರವೇಶ ಇಲ್ಲ.

ಮೂರನೆಯವರು ಮಧ್ಯದಲ್ಲಿರುವ ಅಕೌಂಟ್ ಅಗ್ರಿಗೇಟರ್. ಫಿನ್‌ವು, ಒನ್‌ಮನಿ, ಅನುಮತಿ, ಕ್ಯಾಮ್ಸ್ ಫಿನ್‌ಸರ್ವ್ ಇಂಥ ಹೆಸರುಗಳನ್ನು ನೀವು ಪರದೆ ಮೇಲೆ ನೋಡಿರಬಹುದು. ಇವರ ಕೆಲಸ ಅಂಚೆಯಣ್ಣನ ಕೆಲಸದ ಹಾಗೆ. ಲಕೋಟೆ ಒಯ್ಯಬೇಕು, ತೆರೆಯೋ ಹಾಗಿಲ್ಲ. ಬ್ಯಾಂಕು ಮಾಹಿತಿಯನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ಕಳಿಸುತ್ತೆ. ಆ ಬೀಗ ತೆಗೆಯುವ ಕೀಲಿ ಪಡೆಯುವವರ ಹತ್ತಿರ ಮಾತ್ರ ಇರುತ್ತೆ. ಮಧ್ಯದ ಕಂಪನಿ ನಿಮ್ಮ ಮಾಹಿತಿಯನ್ನು ಓದೋಕೆ, ಇಟ್ಟುಕೊಳ್ಳೋಕೆ, ಮಾರೋಕೆ ಆಗಲ್ಲ.

ಪರದೆ ಮೇಲೆ ಏನೇನು ನಡೆಯುತ್ತೆ?

ಒಬ್ಬ ಕಿರಾಣಿ ಅಂಗಡಿಯವರು 2 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಹಾಕ್ತಾರೆ ಅಂದುಕೊಳ್ಳಿ.

1. ಸಾಲದ ಅರ್ಜಿಯಲ್ಲಿ ‘ಬ್ಯಾಂಕ್ ಸ್ಟೇಟ್‌ಮೆಂಟ್’ ಎಂಬಲ್ಲಿಗೆ ಬಂದಾಗ ಅಕೌಂಟ್ ಅಗ್ರಿಗೇಟರ್ ಆಯ್ಕೆ ಮಾಡ್ತಾರೆ. ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಡ್ತಾರೆ.

2. ಆ ನಂಬರಿಗೆ ಯಾವ ಯಾವ ಬ್ಯಾಂಕಿನಲ್ಲಿ ಖಾತೆ ಇದೆ ಅಂತ ಹುಡುಕಾಟ ನಡೆಯುತ್ತೆ. ಬ್ಯಾಂಕಿನಲ್ಲಿ ಕೊಟ್ಟಿರುವ ನಂಬರೇ ಇಲ್ಲೂ ಇರಬೇಕು. ಹಳೇ ಸಿಮ್ ಹೋಗಿ ಹೊಸ ನಂಬರ್ ಬಂದಿದ್ದು, ಬ್ಯಾಂಕಿನಲ್ಲಿ ಬದಲಾಯಿಸದೇ ಇದ್ದರೆ ಖಾತೆ ಸಿಗಲ್ಲ.

3. ಸಿಕ್ಕ ಖಾತೆಗಳಲ್ಲಿ ಯಾವುದು ಬೇಕೋ ಅದನ್ನು ಮಾತ್ರ ಟಿಕ್ ಮಾಡ್ತಾರೆ. ಬ್ಯಾಂಕಿನಿಂದ ಇನ್ನೊಂದು ಓಟಿಪಿ ಬರುತ್ತೆ. ಅದನ್ನು ಹಾಕಿದ ಮೇಲೆ ಖಾತೆ ಜೋಡಣೆಯಾಗುತ್ತೆ.

4. ಕೊನೆಗೆ ಒಪ್ಪಿಗೆ ಪುಟ. ಅಲ್ಲಿ ಒಪ್ಪಿಗೆ ಕೊಟ್ಟರೆ ಮಾತ್ರ ಮಾಹಿತಿ ಹೊರಡುತ್ತೆ. ಬೇಡ ಅಂದರೆ ಹೊರಡಲ್ಲ.

ಎಲ್ಲಾ ಸರಿ ಇದ್ದರೆ ಇಷ್ಟಕ್ಕೆ ಕೆಲವು ನಿಮಿಷ ಸಾಕು. ಸಾಮಾನ್ಯವಾಗಿ ಇದರ ಖರ್ಚನ್ನು ಮಾಹಿತಿ ಪಡೆಯುವ ಸಂಸ್ಥೆಯೇ ಭರಿಸುತ್ತೆ. ‘ಅಗ್ರಿಗೇಟರ್ ಫೀಸು’ ಅಂತ ಏಜೆಂಟರು ಕೈಗೆ ದುಡ್ಡು ಕೇಳಿದರೆ ಅನುಮಾನ ಪಡಿ.

ಒಪ್ಪಿಗೆ ಪುಟದಲ್ಲಿ ಈ ಆರು ಸಾಲು ಓದಿ

ಅಂಗಡಿಗೆ ಬಂದ ಮಾಲಿನ ಬಿಲ್ ನೋಡದೇ ಸಹಿ ಹಾಕ್ತೀರಾ? ಇಲ್ಲ ತಾನೇ? ಇದೂ ಹಾಗೇ. ಓದೋಕೆ ಒಂದು ನಿಮಿಷ ಸಾಕು.

ಯಾರಿಗೆ: ನೀವು ಅರ್ಜಿ ಹಾಕಿದ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಹೆಸರೇ ಇದೆಯಾ? ಬೇರೆ ಹೆಸರಿದ್ದರೆ ಅಲ್ಲೇ ನಿಲ್ಲಿ.

ಯಾಕೆ: ಸಾಲದ ಪರಿಶೀಲನೆಗೋ, ಹೂಡಿಕೆ ಸಲಹೆಗೋ? ಸಾಲಕ್ಕೆ ಅರ್ಜಿ ಹಾಕಿ ಬೇರೆ ಉದ್ದೇಶಕ್ಕೆ ಒಪ್ಪಿಗೆ ಕೊಡಬೇಕಿಲ್ಲ.

ಏನು: ಹೆಸರು ವಿಳಾಸ ಮಾತ್ರವೋ, ಬಾಕಿ ಮೊತ್ತದ ಸಾರಾಂಶವೋ, ಪ್ರತಿಯೊಂದು ಜಮಾ ಖರ್ಚಿನ ವಿವರವೋ? ಈ ಮೂರಕ್ಕೂ ಬಹಳ ವ್ಯತ್ಯಾಸ ಇದೆ. ಪೂರ್ತಿ ವಿವರ ಕೊಟ್ಟರೆ ನೀವು ಯಾವ ಆಸ್ಪತ್ರೆಗೆ ದುಡ್ಡು ಕಟ್ಟಿದ್ರಿ, ಯಾರಿಗೆ ಕಳಿಸಿದ್ರಿ ಅನ್ನೋದೂ ಅವರಿಗೆ ಕಾಣುತ್ತೆ.

ಎಷ್ಟು ಕಾಲದ್ದು: ಆರು ತಿಂಗಳದ್ದೋ, ಎರಡು ವರ್ಷದ್ದೋ?

ಎಷ್ಟು ಸಲ: ಒಂದೇ ಸಲವೋ, ತಿಂಗಳಿಗೊಮ್ಮೆಯೋ, ದಿನಾ ನೋಡುತ್ತಾರೋ? ಒಪ್ಪಿಗೆ ಯಾವ ತಾರೀಖಿಗೆ ಮುಗಿಯುತ್ತೆ? ಅರ್ಜಿ ಪರಿಶೀಲನೆಗೆ ಒಂದು ಸಲ ನೋಡಿದರೆ ಸಾಕಾಗಬಹುದು. ಸಾಲ ತೀರುವವರೆಗೂ ಆಗಾಗ ನೋಡುವ ಒಪ್ಪಿಗೆ ಕೇಳಿದ್ದರೆ ಯಾಕೆ ಅಂತ ಕೇಳಿ.

ಎಷ್ಟು ದಿನ ಇಟ್ಟುಕೊಳ್ಳುತ್ತಾರೆ: ಪಡೆದ ಮಾಹಿತಿಯನ್ನು ಅವರು ಎಷ್ಟು ಕಾಲ ತಮ್ಮ ಬಳಿ ಇಡಬಹುದು ಅನ್ನೋದೂ ಅಲ್ಲಿ ಬರೆದಿರುತ್ತೆ.

ಸಣ್ಣ ಅಂಗಡಿಗೆ ಇದರಿಂದ ಏನು ಲಾಭ?

ಬ್ಯಾಂಕಿನಲ್ಲಿ ಸಾಲ ಅಂದರೆ ಮೊದಲು ಜಾಗದ ಪತ್ರ, ಜಾಮೀನು ಅನ್ನೋ ಮಾತು ಬರ್ತಿತ್ತು. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವರ ಹತ್ತಿರ ಅದೆಲ್ಲ ಎಲ್ಲಿಂದ ಬರಬೇಕು? ಆದರೆ ಕ್ಯೂಆರ್ ಕೋಡ್ ಬಂದ ಮೇಲೆ ದಿನದ ವ್ಯಾಪಾರದ ದೊಡ್ಡ ಪಾಲು ಖಾತೆಯಲ್ಲಿ ದಾಖಲಾಗ್ತಿದೆ. ದಿನಕ್ಕೆ 6,000 ರೂಪಾಯಿ ಕ್ಯೂಆರ್ ಮೂಲಕ ಬಂದರೆ ತಿಂಗಳಿಗೆ 1.8 ಲಕ್ಷ. ಮಾಲು ತಂದವರಿಗೆ ದುಡ್ಡು ತಪ್ಪದೇ ಹೋಗಿದೆ, ಚೆಕ್ ವಾಪಸ್ ಬಂದಿಲ್ಲ ಅಂದರೆ ಅದೇ ಒಂದು ಸಾಕ್ಷಿ. ಸಾಲ ಕೊಡುವವರಿಗೆ ಈ ಸಾಕ್ಷಿ ನೇರ ಬ್ಯಾಂಕಿನಿಂದಲೇ ಬರೋದ್ರಿಂದ ತಿದ್ದಿದ ಸ್ಟೇಟ್‌ಮೆಂಟ್ ಇರಬಹುದಾ ಅನ್ನೋ ಅನುಮಾನ ಇರಲ್ಲ.

ಲೆಕ್ಕ ಹಾಕಿ ನೋಡಿ. 2 ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 10,000, ವರ್ಷಕ್ಕೆ 1.2 ಲಕ್ಷ ಬರೀ ಬಡ್ಡಿ. ಅದೇ ಮೊತ್ತಕ್ಕೆ ವರ್ಷಕ್ಕೆ ಶೇ 14ರ ದರ ಇದ್ದರೆ, ಅಸಲು ಒಂದು ಪೈಸೆ ತೀರಿಸದೇ ಇದ್ದರೂ ವರ್ಷದ ಬಡ್ಡಿ 28,000. ವ್ಯತ್ಯಾಸ 92,000 ರೂಪಾಯಿ. ಒಂದು ಸಣ್ಣ ಅಂಗಡಿಗೆ ಇದು ಮಕ್ಕಳ ಶಾಲೆ ಫೀಸು, ಮಳಿಗೆ ಬಾಡಿಗೆ ಎಲ್ಲಾ ಸೇರಿದಷ್ಟು ದುಡ್ಡು.

ಹಾಗಂತ ಒಪ್ಪಿಗೆ ಕೊಟ್ಟ ತಕ್ಷಣ ಸಾಲ ಸಿಕ್ಕೇಬಿಡುತ್ತೆ ಅಂತಲ್ಲ. ಕೊಡೋದು ಬಿಡೋದು ಸಾಲ ಕೊಡುವವರ ತೀರ್ಮಾನ. ಹಳೇ ಸಾಲದ ಕಂತು ತಪ್ಪಿದ್ದರೆ ಅದು ಸಿಬಿಲ್‌ನಂಥ ಸಂಸ್ಥೆಗಳ ವರದಿಯಲ್ಲಿ ಬೇರೆಯಾಗಿಯೇ ಕಾಣುತ್ತೆ. ವ್ಯಾಪಾರವೆಲ್ಲ ನಗದಿನಲ್ಲೇ ನಡೆದು ಖಾತೆ ಖಾಲಿ ಕಾಣಿಸಿದರೆ ಈ ದಾರಿಯಿಂದ ಹೆಚ್ಚು ಪ್ರಯೋಜನ ಆಗಲ್ಲ.

‘ಟ್ಯಾಕ್ಸ್‌ನವರಿಗೆ ಗೊತ್ತಾಗುತ್ತಾ?’

ನಮ್ಮ ರಾಜ್ಯದ ಅಂಗಡಿಯವರಿಗೆ ಈ ಭಯ ಸಹಜ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಆಗ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಬೋರ್ಡ್ ಬಿದ್ದಿತ್ತು.

ಇಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕು. ಇಲಾಖೆ ಆ ಮಾಹಿತಿ ಪಡೆದದ್ದು ಯುಪಿಐ ಸೇವಾ ಕಂಪನಿಗಳಿಂದ, ತನಗಿರುವ ಕಾನೂನಿನ ಅಧಿಕಾರ ಬಳಸಿ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿರಲಿಲ್ಲ. ಅಕೌಂಟ್ ಅಗ್ರಿಗೇಟರ್‌ನಲ್ಲಿ ಕೊಡುವ ಒಪ್ಪಿಗೆ ಅದರಲ್ಲಿ ಹೆಸರಿರುವ ಸಂಸ್ಥೆಗೆ, ಅದರಲ್ಲಿ ಹೇಳಿದ ಉದ್ದೇಶಕ್ಕೆ ಮಾತ್ರ. ಸಾಲಕ್ಕೆ ಕೊಟ್ಟ ಒಪ್ಪಿಗೆ ತೆರಿಗೆ ಇಲಾಖೆಗೆ ಕೊಟ್ಟ ಒಪ್ಪಿಗೆ ಆಗಲ್ಲ.

ಇನ್ನೊಂದು ಮಾತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ನಿಯಮ ಬರುತ್ತೆ. ಮೇಲಿನ ಉದಾಹರಣೆಯ ಅಂಗಡಿಯ ಕ್ಯೂಆರ್ ವಹಿವಾಟು ವರ್ಷಕ್ಕೆ ಸುಮಾರು 21.6 ಲಕ್ಷ. ನಗದು ವ್ಯಾಪಾರವನ್ನೂ ಸೇರಿಸಿಯೇ ಮಿತಿ ಲೆಕ್ಕ ಹಾಕಬೇಕು. ಮಿತಿಯ ಹತ್ತಿರ ಇರುವವರು ನಿಮ್ಮ ಲೆಕ್ಕ ನೋಡುವ ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ. ಖಾತೆಗೆ ಬಂದ ಎಲ್ಲಾ ದುಡ್ಡೂ ವ್ಯಾಪಾರದ್ದಲ್ಲ. ತಮ್ಮ ಕಳಿಸಿದ್ದು, ಕೈಸಾಲ ವಾಪಸ್ ಬಂದದ್ದು ಎಲ್ಲಾ ಅದೇ ಕ್ಯೂಆರ್‌ಗೆ ಬಂದರೆ ಸಾಲ ಕೊಡುವವರಿಗೂ ಗೊಂದಲ, ತೆರಿಗೆಯವರಿಗೂ ಗೊಂದಲ. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಇಟ್ಟುಕೊಳ್ಳೋದು ಎಲ್ಲಾ ರೀತಿಯಲ್ಲೂ ಒಳ್ಳೇದು.

ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದಾ?

ಪಡೆಯಬಹುದು. ನೀವು ಬಳಸಿದ ಅಕೌಂಟ್ ಅಗ್ರಿಗೇಟರ್‌ನ ಆ್ಯಪ್ ಅಥವಾ ವೆಬ್‌ಸೈಟಿಗೆ ಅದೇ ಮೊಬೈಲ್ ನಂಬರಿನಿಂದ ಹೋದರೆ ಯಾರಿಗೆ, ಯಾವಾಗ, ಏನು ಒಪ್ಪಿಗೆ ಕೊಟ್ಟಿದ್ದೀರಿ ಅನ್ನೋ ಪಟ್ಟಿ ಸಿಗುತ್ತೆ. ಬೇಡವಾದದ್ದನ್ನು ಅಲ್ಲೇ ರದ್ದು ಮಾಡಬಹುದು.

ಆದರೆ ಇದು ನೆನಪಿರಲಿ: ರದ್ದು ಮಾಡಿದರೆ ಮುಂದೆ ಮಾಹಿತಿ ಹೋಗೋದು ನಿಲ್ಲುತ್ತೆ. ಆಗಲೇ ಹೋಗಿರುವ ಮಾಹಿತಿ ವಾಪಸ್ ಬರಲ್ಲ. ಅದಕ್ಕೇ ಒಪ್ಪಿಗೆ ಕೊಡುವ ಮೊದಲೇ ಓದಬೇಕು ಅನ್ನೋದು. ಹಾಗೆಯೇ ಒಪ್ಪಿಗೆ ರದ್ದು ಮಾಡಿದರೆ ಸಾಲ ರದ್ದಾಗಲ್ಲ, ಕಂತು ಕಟ್ಟಲೇಬೇಕು. ಸಾಲದ ಕರಾರಿನಲ್ಲಿ ಇದರ ಬಗ್ಗೆ ಷರತ್ತು ಏನಾದರೂ ಇದೆಯಾ ಅಂತಲೂ ನೋಡಿಕೊಳ್ಳಿ.

ಎಲ್ಲರಿಗೂ ಸಿಗುತ್ತಾ?

ದೊಡ್ಡ ಸರ್ಕಾರಿ, ಖಾಸಗಿ ಬ್ಯಾಂಕುಗಳು ಜೋಡಣೆಯಾಗಿವೆ. ಈ ದಾರಿಯಲ್ಲಿ ಮಾಹಿತಿ ಪಡೆಯುವ ಬ್ಯಾಂಕು ತನ್ನಲ್ಲಿರುವ ಗ್ರಾಹಕರ ಮಾಹಿತಿಯನ್ನು ಕೊಡಲೂ ಸಿದ್ಧವಿರಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಆರ್‌ಬಿಐ ನಿಯಮ ತಂದಿದೆ. ಆದರೆ ಎಲ್ಲಾ ಸಹಕಾರಿ ಬ್ಯಾಂಕುಗಳೂ ಇದರೊಳಗೆ ಬಂದಿಲ್ಲ. ನಿಮ್ಮ ವಹಿವಾಟು ಊರಿನ ಸೊಸೈಟಿಯಲ್ಲೋ, ಸಣ್ಣ ಪಟ್ಟಣ ಸಹಕಾರಿ ಬ್ಯಾಂಕಿನಲ್ಲೋ ಇದ್ದರೆ ಮೊದಲು ಶಾಖೆಯಲ್ಲಿ ಕೇಳಿ. ಜಂಟಿ ಖಾತೆ, ಪಾಲುದಾರಿಕೆ ಅಂಗಡಿಯ ಖಾತೆ ಇರುವವರೂ ಮೊದಲೇ ವಿಚಾರಿಸಿ.

ಇದು ಕಡ್ಡಾಯವೂ ಅಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು, ಇಷ್ಟ ಇಲ್ಲದವರು ಶಾಖೆಗೆ ಹೋಗಿ ಕಾಗದದ ಸ್ಟೇಟ್‌ಮೆಂಟ್ ಕೊಡ್ತೀವಿ ಅಂತ ಕೇಳಬಹುದು.

ಕಳ್ಳರು ಎಲ್ಲಿ ನುಗ್ಗುತ್ತಾರೆ?

ಲಕೋಟೆಗೆ ಬೀಗ ಗಟ್ಟಿ ಇದೆ. ಹಾಗಾಗಿ ಕಳ್ಳರು ಬೀಗ ಒಡೆಯೋಕೆ ಹೋಗಲ್ಲ, ನಿಮ್ಮನ್ನೇ ಮಾತಾಡಿಸ್ತಾರೆ. ‘ಸಾಲ ಮಂಜೂರಾಗಿದೆ, ಒಪ್ಪಿಗೆಗೆ ಓಟಿಪಿ ಹೇಳಿ’ ಅಂತ ಫೋನ್ ಬರಬಹುದು. ಈ ಕೆಳಗಿನದ್ದು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಅಕೌಂಟ್ ಅಗ್ರಿಗೇಟರ್ ನಿಮ್ಮ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಎಟಿಎಂ ಪಿನ್, ಯುಪಿಐ ಪಿನ್ ಕೇಳೋ ಹಾಗಿಲ್ಲ. ಕೇಳಿದರೆ ಅದು ನಕಲಿ.

ಓಟಿಪಿಯನ್ನು ನೀವೇ, ನೀವೇ ತೆರೆದ ಪುಟದಲ್ಲಿ ಹಾಕಬೇಕು. ಫೋನಿನಲ್ಲಿ ಯಾರಿಗೂ ಹೇಳಬಾರದು. ಏಜೆಂಟರ ಕೈಗೆ ಮೊಬೈಲ್ ಕೊಟ್ಟು ‘ನೀವೇ ಮಾಡ್ಕೊಳ್ಳಿ’ ಅನ್ನಬಾರದು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲಿನಿಂದ ಸಾಲದ ಆ್ಯಪ್ ಹಾಕಿಕೊಳ್ಳಬೇಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿ ಅಂದರೆ ಫೋನ್ ಇಟ್ಟುಬಿಡಿ.

ಸಾಲದ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೋ, ಕರೆಗಳ ವಿವರ ಮುಟ್ಟಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಕೇಳುವ ಆ್ಯಪ್ ಇದ್ದರೆ ತೆಗೆದುಹಾಕಿ. ನಾಳೆ ಒಂದು ಕಂತು ತಪ್ಪಿದರೆ ನೆಂಟರಿಗೆಲ್ಲ ಫೋನ್ ಮಾಡಿ ಮಾನ ಕಳೆಯೋದು ಇಂಥವರೇ.

ಸಾಲ ಮಂಜೂರಾದರೆ ಬಡ್ಡಿ, ಶುಲ್ಕ ಎಲ್ಲಾ ಸೇರಿಸಿ ವರ್ಷದ ಒಟ್ಟು ದರ ಎಷ್ಟು ಅಂತ ತಿಳಿಸುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಅದು ಇಲ್ಲದೇ ಸಹಿ ಬೇಡ. ಸಾಲ ಕೊಡುವ ಸಂಸ್ಥೆಗಳು ಬಳಸುವ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಆರ್‌ಬಿಐ ವೆಬ್‌ಸೈಟಿನಲ್ಲಿದೆ, ನೋಡಿಕೊಳ್ಳಿ.

ತೊಂದರೆಯಾದರೆ ಎಲ್ಲಿಗೆ?

ಖಾತೆಯಿಂದ ದುಡ್ಡು ಹೋಗಿದ್ದರೆ ತಡ ಮಾಡದೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆರ್‌ಬಿಐನ 2017ರ ಸುತ್ತೋಲೆ ಪ್ರಕಾರ ನಿಮ್ಮದೂ ಬ್ಯಾಂಕಿನದ್ದೂ ತಪ್ಪಿಲ್ಲದೇ ಹೊರಗಿನವರಿಂದ ವಂಚನೆ ಆಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಓಟಿಪಿ, ಪಿನ್ ನೀವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ಅದಕ್ಕೇ ಪ್ರತಿ ಗಂಟೆಯೂ ಮುಖ್ಯ.

ಹೇಳದೇ ಮಾಹಿತಿ ತೆಗೆದುಕೊಂಡರು, ಒಪ್ಪಿಗೆ ರದ್ದು ಮಾಡಿದರೂ ನಿಲ್ಲಿಸಿಲ್ಲ ಅನ್ನೋ ಥರದ ದೂರಿದ್ದರೆ ಮೊದಲು ಆ ಸಂಸ್ಥೆಗೇ ಲಿಖಿತವಾಗಿ ಕೊಡಿ. ಬ್ಯಾಂಕಿನ ಮೇಲಿನ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಸಾಲ ಬೇಕಿರಲಿ, ಬೇಡದಿರಲಿ, ಈ ವಾರ ಮೂರು ಕೆಲಸ ಮಾಡಿಟ್ಟುಕೊಳ್ಳಿ. ಬ್ಯಾಂಕಿನಲ್ಲಿರುವ ಮೊಬೈಲ್ ನಂಬರ್ ಈಗ ಬಳಸುತ್ತಿರುವುದೇನಾ ಅಂತ ಪಾಸ್‌ಬುಕ್ ಹಿಡಿದು ಶಾಖೆಯಲ್ಲಿ ಕೇಳಿ. ಅಂಗಡಿ ಖಾತೆ, ಮನೆ ಖಾತೆ ಬೇರೆ ಮಾಡಿ. ಈ ಹಿಂದೆ ಎಲ್ಲಾದರೂ ಒಪ್ಪಿಗೆ ಒತ್ತಿದ ನೆನಪಿದ್ದರೆ ಆ ಪಟ್ಟಿ ತೆರೆದು, ಬೇಡದ್ದನ್ನು ರದ್ದು ಮಾಡಿ.